ಪದ ಬದಲಿಸಿದ ಲೇಖನ: ಸಂಚಿಕೆಗೆ ಹಾಕಬಹುದಾ?

ಮಡಿಕೇರಿ ಮಂಜು:
ನಮ್ಮ ಸಿನಿಮಾ ಬಳಗದಿಂದ ಮಳೆಗಾಲದ ಸಂಚಿಕೆ ತರುತ್ತಿದ್ದೇವೆ. 35 ಎಂಎಂ ಅಗಲದ ಸಿನಿಮಾ ಫಿಲ್ಮ್ ಬಿಟ್ಟು ಬೇರೆ ಅಳತೆಯ ಫಿಲ್ಮ್‌ಗಳ ಬಗ್ಗೆ ಒಬ್ಬ ಹುಡುಗ ಲೇಖನ ಕಳಿಸಿದ್ದಾನೆ. ಓದುವಾಗಲೇ ಅನುಮಾನ ಬಂತು. ಹುಡುಕಿದರೆ ಇಂಗ್ಲಿಷ್ ಮೂಲ ಸಿಕ್ಕಿತು. ಸಾಲಿಗೆ ಸಾಲು ಅದೇ, ಪದ ಮಾತ್ರ ಬೇರೆ. ನೆಗೆಟಿವ್ ಹೋಗಿ ‘ನಕಾರಾತ್ಮಕ ಫಿಲ್ಮ್’ ಆಗಿದೆ. ಪ್ರೊಜೆಕ್ಟರಿನಲ್ಲಿ ಫಿಲ್ಮ್ ಹಾದುಹೋಗುವ ಗೇಟ್ ‘ಹೆಬ್ಬಾಗಿಲು’ ಆಗಿದೆ. ಕೇಳಿದರೆ, "ಕಾಪಿ ಅಲ್ಲ ಅಣ್ಣ, ಎಲ್ಲಾ ಪದ ಬದಲಿಸಿದ್ದೇನೆ" ಅನ್ನುತ್ತಾನೆ. ಒಳ್ಳೆ ಹುಡುಗ, ಆಸಕ್ತಿಯೂ ಇದೆ. ಈ ಪದಗಳನ್ನಷ್ಟೇ ಸರಿ ಮಾಡಿ ಹಾಕಿಬಿಡಲಾ?

ವಿರಾಜಪೇಟೆ ಹುಡುಗ:
ಹಾಕಿ ಮಾರಾಯ್ರೇ. ಸೂಪರ್ 8 ಅಂದರೂ 8 ಎಂಎಂ ಅಂದರೂ ಒಂದೇ ಅಲ್ವಾ, ಯಾರು ಅಷ್ಟು ನೋಡುತ್ತಾರೆ?

ಅಟ್ಟದ ಡಬ್ಬಿ (ಸೋಮವಾರಪೇಟೆ):
ಒಂದೇ ಅಲ್ಲ ತಮ್ಮಾ. ಅಗಲ ಮಾತ್ರ ಒಂದೇ.

ಹಳೆ 8 ಎಂಎಂ ಅನ್ನು ಕೊಡಾಕ್ 1932ರಲ್ಲಿ ತಂದಿತು. ಕ್ಯಾಮೆರಾಕ್ಕೆ ಹಾಕುತ್ತಿದ್ದುದು 16 ಎಂಎಂ ಅಗಲದ ರೀಲು. ಒಂದು ಬದಿ ಮುಗಿದ ಮೇಲೆ ತಿರುಗಿಸಿ ಹಾಕಿ ಇನ್ನೊಂದು ಬದಿ ತೆಗೆಯಬೇಕಿತ್ತು. ತೊಳೆದ ಮೇಲೆ ಲ್ಯಾಬಿನವರು ನಡುವೆ ಸೀಳಿ, ಎರಡನ್ನೂ ಜೋಡಿಸಿ ಕೊಡುತ್ತಿದ್ದರು. ಸೂಪರ್ 8 ಬಂದದ್ದು 1965ರಲ್ಲಿ. ಕಾರ್ಟ್ರಿಜ್ ಅನ್ನುವ ಮುಚ್ಚಿದ ಡಬ್ಬಿಯಲ್ಲಿ 50 ಅಡಿ ಫಿಲ್ಮ್, ಹಾಗೇ ತುರುಕಿದರೆ ಆಯಿತು. ಫಿಲ್ಮ್ ಎಳೆಯಲು ಅಂಚಿನಲ್ಲಿರುವ ತೂತು ಚಿಕ್ಕದಾಯಿತು, ಚಿತ್ರಕ್ಕೆ ಜಾಗ ಜಾಸ್ತಿ ಸಿಕ್ಕಿತು. ಹಳೆ 8ರ ಪ್ರೊಜೆಕ್ಟರಿಗೆ ಸೂಪರ್ 8 ರೀಲು ಹಾಕಿದರೆ ಹಲ್ಲು ತೂತಿಗೆ ಸರಿಯಾಗಿ ಕೂರುವುದೇ ಇಲ್ಲ.

ಮಂಜು, ಲೇಖನದಲ್ಲಿ 9.5 ಎಂಎಂ ಇದೆಯಾ ನೋಡಿ. 1922ರಲ್ಲಿ ಫ್ರಾನ್ಸಿನ ಪಾಥೆ ಕಂಪನಿ ತಂದದ್ದು. ಅದರ ತೂತು ಅಂಚಿನಲ್ಲಿಲ್ಲ, ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಇದೆ. ಪದ ಬದಲಿಸುವ ಭರದಲ್ಲಿ ಇಲ್ಲಿ ಏನಾದರೂ ಆಚೀಚೆ ಆದರೆ ಫಿಲ್ಮೇ ಬೇರೆ ಆಗುತ್ತದೆ. ಗೊತ್ತಿಲ್ಲದವನಿಗೆ ಅದು ಕಾಣುವುದೂ ಇಲ್ಲ. ನನಗೆ ತಕರಾರು ಇರುವುದು ಅಲ್ಲೇ. ನೀವು ‘ಹೆಬ್ಬಾಗಿಲು’ ತಿದ್ದುತ್ತೀರಿ, ಏಕೆಂದರೆ ಅದು ಕಣ್ಣಿಗೆ ಬೀಳುತ್ತದೆ. ಉಳಿದದ್ದು?

ನಮ್ಮ ಮಾವ ಮಿಲಿಟರಿಯಲ್ಲಿದ್ದರು. ರಜೆಗೆ ಬಂದಾಗೆಲ್ಲ ಪುತ್ತರಿ ಹಬ್ಬ, ಮದುವೆ, ಕಾಫಿ ಕೊಯ್ಲು ಅಂತ ಕ್ಯಾಮೆರಾ ತಿರುಗಿಸುತ್ತಿದ್ದರು. ಡಬ್ಬಿಗಳೆಲ್ಲ ಐನ್‌ಮನೆಯ (ಕುಟುಂಬದ ಮೂಲ ಮನೆ) ಅಟ್ಟ ಸೇರಿದವು. ನಮ್ಮ ಮಳೆ ಗೊತ್ತಲ್ಲ, ಕೆಲವಕ್ಕೆ ಬೂಷ್ಟು ಹಿಡಿದಿದೆ. ಕೆಲವು ತೆರೆದರೆ ವಿನೆಗರ್ ವಾಸನೆ. ಅಸಿಟೇಟ್ ಅನ್ನುವ ಪ್ಲಾಸ್ಟಿಕ್‌ನ ಫಿಲ್ಮ್ ತೇವ, ಸೆಖೆಯಲ್ಲಿ ಹಾಳಾಗುವಾಗ ಅಸಿಟಿಕ್ ಆಮ್ಲ (ವಿನೆಗರ್‌ನಲ್ಲಿರುವುದೂ ಅದೇ) ಬಿಡುತ್ತದೆ, ಕುಗ್ಗಿ ಸುರುಟಿಕೊಳ್ಳುತ್ತದೆ. ಆ ಆವಿ ಪಕ್ಕದ ಒಳ್ಳೆ ರೀಲನ್ನೂ ಕೆಡಿಸುತ್ತದೆ. ಹಾಗಾಗಿ ಬೇರೆ ಇಟ್ಟಿದ್ದೇನೆ. (ಮನೆಯವರಿಗೆ ಇದು ಕಸ. ಆ ಜಗಳ ಇನ್ನೂ ಮುಗಿದಿಲ್ಲ.)

ಲೇಖನ ಬರೆದ ಹುಡುಗನನ್ನು ಕಳಿಸಿ. ಕೈಯಲ್ಲಿ ಹಿಡಿದು ನೋಡಲಿ, ಮೂಲ ಲೇಖನ ಮುಚ್ಚಿಟ್ಟು ಬರೆಯಲಿ. ಅರ್ಧ ಪುಟ ಆದರೂ ಸಾಕು.

ಕುಶಾಲನಗರದ ಮೇಷ್ಟ್ರು:
ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. 1965 ಅನ್ನುವ ಇಸವಿಯನ್ನು ಯಾರು ಬೇಕಾದರೂ ಬರೆಯಬಹುದು, ಮಾಹಿತಿ ಯಾರ ಸ್ವತ್ತೂ ಅಲ್ಲ. ಬರೆದ ರೀತಿ ಮಾತ್ರ ಬರೆದವರದ್ದು. ಅನುವಾದದ ಹಕ್ಕು ಕೂಡ ಅವರದ್ದೇ ಅಂತ 1957ರ ಕಾಪಿರೈಟ್ ಕಾಯ್ದೆ ಹೇಳುತ್ತದೆ. ಮೂಲ ಲೇಖನವೇ ಬೇಕು ಅಂದರೆ ಅನುಮತಿ ಕೇಳಿ, ಹೆಸರು ಹಾಕಿ, ಅನುವಾದ ಅಂತಲೇ ಪ್ರಕಟಿಸಿ.

ಮಡಿಕೇರಿ ಮಂಜು:
ಈಗ ನೋಡಿದೆ ಅಕ್ಕ. 9.5ರ ಪ್ಯಾರಾದಲ್ಲಿ ‘ಅಂಚಿನ ಮಧ್ಯಭಾಗದಲ್ಲಿ ರಂಧ್ರ’ ಅಂತ ಇದೆ! ಲೇಖನ ವಾಪಸ್ ಕಳಿಸುತ್ತಿದ್ದೇನೆ. ಭಾನುವಾರ ಅವನನ್ನು ಕರೆದುಕೊಂಡು ಬರಲಾ?

ಅಟ್ಟದ ಡಬ್ಬಿ (ಸೋಮವಾರಪೇಟೆ):
ಬನ್ನಿ, ಊಟಕ್ಕೇ ಬನ್ನಿ. ಪ್ರೊಜೆಕ್ಟರ್ ಓಡಿಸಿ ಅಂತ ಮಾತ್ರ ಕೇಳಬೇಡಿ, ಕುಗ್ಗಿದ ರೀಲು ಹರಿದು ಹೋಗುತ್ತದೆ. ಒಂದು ಭೂತಗನ್ನಡಿ ತನ್ನಿ. 9.5 ನನ್ನ ಹತ್ತಿರ ಇಲ್ಲ, ಉಳಿದೆರಡು ತೋರಿಸುತ್ತೇನೆ.