‘ಕೋವರ್ಟ್’ಗೆ ಗುಪ್ತ ಸಾಕೇ, ಮುಸುಕು ಬೇಕೇ?

ಗೆಳೆಯರೇ, ನಮಸ್ಕಾರ.

ಪಿಯುಸಿ ಮಕ್ಕಳಿಗೆಂದು ಶೀತಲ ಸಮರದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆಯುತ್ತಿದ್ದೇನೆ. ಎರಡು ವಾರದಿಂದ ಒಂದೇ ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ‘ಕೋವರ್ಟ್ ಆಪರೇಷನ್’. ನಾವೆಲ್ಲ ಇದಕ್ಕೆ ‘ಗುಪ್ತ ಕಾರ್ಯಾಚರಣೆ’ ಎಂದು ಬರೆದುಬಿಡುತ್ತೇವೆ. ನಾನೂ ಹಾಗೇ ಬರೆದೆ. ಆಮೇಲೆ ಉದಾಹರಣೆ ಕೊಡಲು ಹೋದಾಗ ಪದ ಕೈಕೊಟ್ಟಿತು.

1961ರ ಏಪ್ರಿಲ್ 15ರ ಬೆಳಿಗ್ಗೆ ಕ್ಯೂಬಾದ ವಿಮಾನ ನೆಲೆಗಳ ಮೇಲೆ ಬಾಂಬು ಬಿತ್ತು. ಅದರಲ್ಲಿ ಗುಪ್ತ ಏನು ಬಂತು? ಊರಿಗೆಲ್ಲ ಕೇಳಿಸಿತು. ಗುಟ್ಟಾಗಿ ಇಟ್ಟದ್ದು ಬಾಂಬು ಹಾಕಿದವರು ಯಾರು ಎಂಬುದನ್ನು. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಕಳಿಸಿದ ಬಿ-26 ಬಾಂಬರ್ ವಿಮಾನಗಳಿಗೆ ಕ್ಯೂಬಾ ವಾಯುಪಡೆಯ ಗುರುತನ್ನೇ ಬಳಿದಿದ್ದರು. ಅಲ್ಲಿನ ಪೈಲಟ್‌ಗಳೇ ತಿರುಗಿಬಿದ್ದಿದ್ದಾರೆ ಅಂತ ಕತೆ ಕಟ್ಟಿದ್ದರು. ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ ಅಡ್ಲೈ ಸ್ಟೀವನ್‌ಸನ್ ಆ ಗುರುತಿದ್ದ ವಿಮಾನದ ಫೋಟೊವನ್ನೇ ಸಾಕ್ಷಿಯಾಗಿ ಎತ್ತಿ ತೋರಿಸಿದರು. ಪಾಪ, ಅವರಿಗೂ ನಿಜ ಹೇಳಿರಲಿಲ್ಲ.

ಈಗ ಎದುರು ಪಾಳೆಯ ನೋಡಿ. 1979ರ ಡಿಸೆಂಬರ್ 27ರಂದು ಸೋವಿಯತ್ ಪಡೆಗಳು ಕಾಬೂಲಿನ ತಾಜ್‌ಬೆಗ್ ಅರಮನೆಗೆ ನುಗ್ಗಿ ಅಧ್ಯಕ್ಷ ಅಮೀನ್‌ನನ್ನು ಮುಗಿಸಿದವು. ನುಗ್ಗಿದವರ ಮೈಮೇಲೆ ಇದ್ದದ್ದು ಅಫ್ಘನ್ ಸಮವಸ್ತ್ರ. 2014ರಲ್ಲಿ ಉಕ್ರೇನಿನ ಕ್ರೈಮಿಯಾದಲ್ಲಿ ಲಾಂಛನವೇ ಇಲ್ಲದ ಹಸಿರು ಬಟ್ಟೆಯವರು ಬಂದು ನಿಂತರು. ಸ್ಥಳೀಯ ರಕ್ಷಣಾ ಪಡೆಯವರು ಅವರು ಎಂದು ರಷ್ಯಾದ ಅಧ್ಯಕ್ಷ ಪುಟಿನ್ ಮಾರ್ಚ್‌ನಲ್ಲಿ ಹೇಳಿದರು. ಏಪ್ರಿಲ್‌ನಲ್ಲಿ, ಅವರ ಬೆನ್ನಿಗೆ ನಮ್ಮ ಸೈನಿಕರೂ ಇದ್ದರು ಎಂದರು.

ಅಮೆರಿಕದ ರಾಷ್ಟ್ರೀಯ ಭದ್ರತಾ ಮಂಡಳಿಯ 1948ರ ಆದೇಶವೊಂದು ಈ ಪದವನ್ನು ವಿವರಿಸುವುದೂ ಹೀಗೆಯೇ. ಸರ್ಕಾರದ ಪಾತ್ರ ಹೊರಗಿನವರಿಗೆ ಕಾಣಬಾರದು, ಸಿಕ್ಕಿಬಿದ್ದರೆ ‘ನಮಗೂ ಇದಕ್ಕೂ ಸಂಬಂಧ ಇಲ್ಲ’ ಎನ್ನಲು ಬರಬೇಕು. ಕೆಲಸವೇ ಯಾರಿಗೂ ಗೊತ್ತಾಗದಂತೆ ನಡೆಯುವುದಕ್ಕೆ ಇಂಗ್ಲಿಷಿನವರು ‘ಕ್ಲಾಂಡೆಸ್ಟೈನ್’ ಎನ್ನುತ್ತಾರೆ. 1950ರ ದಶಕದಲ್ಲಿ ಸಿಐಎ ಮತ್ತು ಬ್ರಿಟಿಷರು ಪೂರ್ವ ಬರ್ಲಿನ್ನಿನ ನೆಲದಡಿ ಸುರಂಗ ಕೊರೆದು ಸೋವಿಯತ್ ಫೋನ್ ಕದ್ದು ಕೇಳಿದರಲ್ಲ, ಅಂಥದ್ದು. (ಸುರಂಗದ ವಿಷಯ ಜಾರ್ಜ್ ಬ್ಲೇಕ್ ಎಂಬ ಬ್ರಿಟಿಷ್ ಗೂಢಚಾರನಿಂದ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮೊದಲೇ ತಿಳಿದಿತ್ತು. ಅದು ಬೇರೆ ಕತೆ.) ‘ಗುಪ್ತ’ ಎಂಬುದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಹಾಗಾದರೆ ‘ಕೋವರ್ಟ್’ಗೆ? ನನಗೆ ಹೊಳೆದದ್ದು ‘ಮುಸುಕು’. ಮುಸುಕು ಹಾಕಿದವನು ಎದುರಿಗೇ ಇರುತ್ತಾನೆ, ಮುಖ ಮಾತ್ರ ಕಾಣುವುದಿಲ್ಲ. ‘ಮುಸುಕಿನ ಗುದ್ದಾಟ’ ಹೇಗೂ ನಮ್ಮ ಬಾಯಲ್ಲಿದೆ. ಅದಕ್ಕೇ ‘ಮುಸುಕಿನ ಕಾರ್ಯಾಚರಣೆ’ ಎಂದು ಬರೆದೆ. ಮನೆಯಾಕೆ ಓದಿ, ‘ಮುಸುಕಿನ ಜೋಳದ ಕಟಾವಾ?’ ಎಂದು ನಕ್ಕಳು. ಮುಸುಕುಧಾರಿ ಎಂದರೆ ಸರಗಳ್ಳರ ನೆನಪೂ ಬರುತ್ತದೆ, ಅಲ್ವಾ? ಅದೇನೂ ತಪ್ಪಲ್ಲ ಬಿಡಿ.

‘ಕೈವಾಡ’ ಆಗಬಹುದಲ್ಲ ಎಂದು ಕೆಲವರು ಹೇಳಬಹುದು. ಒಳ್ಳೆಯ ಪದವೇ. ‘1953ರಲ್ಲಿ ಇರಾನಿನ ಮೊಸಾದೆಗ್ ಸರ್ಕಾರ ಉರುಳಿದ್ದರ ಹಿಂದೆ ಸಿಐಎ ಕೈವಾಡ ಇತ್ತು’ ಎಂದರೆ ಏನೂ ಉಳಿಯದಂತೆ ಅರ್ಥವಾಗುತ್ತದೆ. ಆದರೆ ಅದು ದೂರು ಹೇಳುವವನ ಮಾತು. ‘ಬನ್ನಿ, ಒಂದು ಕೈವಾಡ ಮಾಡೋಣ’ ಎಂದು ಯಾವ ಗೂಢಚಾರ ಸಂಸ್ಥೆಯೂ ಸಭೆ ಸೇರುವುದಿಲ್ಲ. ಮಾಡುವವನೂ ಕಡತದಲ್ಲಿ ಬರೆದುಕೊಳ್ಳಬಹುದಾದ ಪದ ನನಗೆ ಬೇಕು.

‘ಇಂಟರ್‌ವೆನ್‌ಷನ್’ ಎಂಬುದರಲ್ಲೂ ಇದೇ ತಕರಾರು. ಇದಕ್ಕೆ ನಮ್ಮಲ್ಲಿ ಎರಡು ಪದ ಇವೆ. ಜಗಳ ಬಿಡಿಸುವ ಹಿರಿಯ ಮಾಡುವುದು ಮಧ್ಯಪ್ರವೇಶ. ಬೇಡದ ಕಡೆ ಕೈ ಹಾಕುವವ ಮಾಡುವುದು ಹಸ್ತಕ್ಷೇಪ. ನನ್ನ ಮೊದಲ ಕರಡು ತೆಗೆದು ನೋಡಿದರೆ 1968ರಲ್ಲಿ ಸೋವಿಯತ್ ಸೇನೆ ಹೊಕ್ಕ ಪ್ರಾಗ್‌ಗೆ ‘ಹಸ್ತಕ್ಷೇಪ’, 1983ರಲ್ಲಿ ಅಮೆರಿಕದ ಸೇನೆ ಹೊಕ್ಕ ಗ್ರೆನಾಡಾಕ್ಕೆ ‘ಮಧ್ಯಪ್ರವೇಶ’ ಎಂದು ಬರೆದಿದ್ದೇನೆ! ಬೇಕೆಂದು ಮಾಡಿದ್ದಲ್ಲ, ಓದಿದ ಇಂಗ್ಲಿಷ್ ಪುಸ್ತಕಗಳ ವಾಸನೆ. ಎರಡೂ ಕಡೆ ‘ಕರೆದರು, ಬಂದೆವು’ ಎಂದೇ ಹೇಳಿದ್ದು, ಕೈಯಲ್ಲಿ ಪತ್ರವನ್ನೂ ಇಟ್ಟುಕೊಂಡಿದ್ದರು. ಎರಡನ್ನೂ ಹೊಡೆದುಹಾಕಿ ‘ಸೇನೆ ನುಗ್ಗಿಸಿತು’ ಎಂದು ತಿದ್ದಿದ್ದೇನೆ.

‘ಕಾರ್ಯಾಚರಣೆ’ಯ ಮೇಲೂ ನನಗೆ ಅನುಮಾನ ಶುರುವಾಗಿದೆ. ಚಿರತೆ ಹಿಡಿಯುವುದೂ ಕಾರ್ಯಾಚರಣೆ, ಕೊಳವೆಬಾವಿಯಿಂದ ಮಗು ಎತ್ತುವುದೂ ಕಾರ್ಯಾಚರಣೆ. 2022ರ ಫೆಬ್ರವರಿ 24ರಂದು ಉಕ್ರೇನಿಗೆ ನುಗ್ಗಿದ್ದನ್ನು ಪುಟಿನ್ ‘ವಿಶೇಷ ಸೇನಾ ಕಾರ್ಯಾಚರಣೆ’ ಎಂದರು. ಅದನ್ನು ಹಾಗೇ ಕನ್ನಡಕ್ಕೆ ತಂದರೆ ಯಾರನ್ನೋ ಕಾಪಾಡಲು ಹೋದಂತೆ ಕೇಳಿಸುತ್ತದೆ. ನಾನು ‘ದಾಳಿ’ ಎಂದೇ ಬರೆದಿದ್ದೇನೆ. 2003ರಲ್ಲಿ ಅಮೆರಿಕ ನುಗ್ಗಿದ ಇರಾಕ್‌ಗೂ ಅದೇ ಪದ.

ಕೊನೆಯದು, ನನಗೆ ದಾರಿಯೇ ಕಾಣದ್ದು. ಕೆಜಿಬಿಯವರು ಸುಳ್ಳುಸುದ್ದಿ ಹರಡುವಂಥ ತಮ್ಮ ಕೆಲಸಗಳಿಗೆ ಇಟ್ಟುಕೊಂಡಿದ್ದ ಹೆಸರು ‘ಸಕ್ರಿಯ ಕ್ರಮಗಳು’. ಕನ್ನಡದಲ್ಲಿ ಇದು ಡೆಂಗಿ ತಡೆಯುವ ಪ್ರಕಟಣೆಯಂತಿದೆ. ಅಂಥ ಒಂದು ಕೆಲಸ ನೋಡಿ. 1983ರ ಜುಲೈನಲ್ಲಿ ದೆಹಲಿಯ ‘ಪೇಟ್ರಿಯಟ್’ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಪತ್ರ ಬಂತು. ಏಡ್ಸ್ ರೋಗವನ್ನು ಅಮೆರಿಕದ ಸೇನೆಯೇ ತಯಾರಿಸಿತು ಎಂಬ ಆರೋಪ ಅದರಲ್ಲಿತ್ತು. ಎರಡು ವರ್ಷದ ನಂತರ ಮಾಸ್ಕೋದ ಪತ್ರಿಕೆ, ‘ಭಾರತದ ಪತ್ರಿಕೆಯೇ ಹೇಳಿದೆ’ ಎಂದು ಅದನ್ನು ಎತ್ತಿಕೊಂಡಿತು. ‘ಸುದ್ದಿ ತೇಲಿಬಿಡುವುದು’ ಎನ್ನಬಹುದು. ಆದರೆ 1948ರಲ್ಲಿ ಇಟಲಿಯ ಚುನಾವಣೆಗೆ ಸಿಐಎ ದುಡ್ಡು ಸುರಿದದ್ದು ಅದರೊಳಗೆ ಸೇರುವುದಿಲ್ಲ. ಎರಡನ್ನೂ ಹಿಡಿಯುವ ಪದ ಬೇಕು. ‘ಪ್ರಭಾವ’ ತೀರಾ ಸಭ್ಯವಾಯಿತು. ‘ಚಿತಾವಣೆ’ ಹತ್ತಿರ ಬರುತ್ತದೆ, ಆದರೆ ಈಗಿನ ಮಕ್ಕಳಿಗೆ ಅರ್ಥವಾಗುತ್ತದಾ? ಪಾಠ ಮಾಡುವವರು ಯಾರಾದರೂ ತರಗತಿಯಲ್ಲಿ ಕೇಳಿ ತಿಳಿಸಿದರೆ ಉಪಕಾರ. ಆ ಅಧ್ಯಾಯದ ತಲೆಬರಹವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.