ಸಾಲ ತೀರುವ ಮುನ್ನ ದಶಮಾಂಶ ಕೊಡಬೇಕೇ?

ಪ್ರಶ್ನೆ: ಸಂಬಳ ಬಂದ ದಿನವೇ ಹತ್ತರಲ್ಲಿ ಒಂದು ಪಾಲನ್ನು ಲಕೋಟೆಗೆ ಹಾಕಿಡುತ್ತಿದ್ದೆ. ಈಗ ಅಮ್ಮನ ಚಿಕಿತ್ಸೆಗೆ ಮಾಡಿದ ಸಾಲದ ಕಂತು ಕಟ್ಟಿದರೆ ಲಕೋಟೆ ಬರಿದಾಗುತ್ತದೆ. ಭಾನುವಾರ ಕಾಣಿಕೆ ಚೀಲ ಹತ್ತಿರ ಬಂದಾಗ ತಲೆ ತಗ್ಗಿಸುತ್ತೇನೆ. ದೇವರ ಪಾಲನ್ನು ಕದಿಯುತ್ತಿದ್ದೇನೆಯೇ?

ಉತ್ತರ 1: ದಶಮಾಂಶ ಕೊಡದಿರುವುದು ದೇವರಿಂದ ಕದ್ದಂತೆ ಎನ್ನುವ ಬೈಬಲ್‌ನ ಮಲಾಕಿ 3ನೇ ಅಧ್ಯಾಯ ಓದಿ ಹೆದರಿದ್ದೀರಿ ಎನಿಸುತ್ತದೆ. 2 ಕೊರಿಂಥ 8:12 ಕೂಡ ಓದಿ. ಇಲ್ಲದ್ದನ್ನು ಯಾರೂ ಕೇಳುತ್ತಿಲ್ಲ, ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕು ಎನ್ನುತ್ತಾನೆ ಆ ಪತ್ರ ಬರೆದ ಪೌಲ. ಹೆತ್ತವರಿಗೆ ಸಲ್ಲಬೇಕಾದುದನ್ನು ದೇವರಿಗೆ ಮೀಸಲು ಎಂದು ತಪ್ಪಿಸಿಕೊಳ್ಳುವವರನ್ನು ಯೇಸುಸ್ವಾಮಿಯೇ ಖಂಡಿಸಿದ್ದಾರೆ, ಮಾರ್ಕ 7ರಲ್ಲಿದೆ. ನೀವು ಕದಿಯುತ್ತಿಲ್ಲ!

ಉತ್ತರ 2: ಆದರೂ ಲಕೋಟೆಯನ್ನು ಬಿಸಾಡಬೇಡಿ. ಯೇಸುಸ್ವಾಮಿ ಮೆಚ್ಚಿದ ಬಡ ವಿಧವೆ ಕಾಣಿಕೆಗೆ ಹಾಕಿದ್ದು ಎರಡೇ ಕಾಸು.

ಪ್ರಶ್ನೆ ಕೇಳಿದವರು: ಮಾರ್ಕ 7 ಈಗಷ್ಟೇ ಓದಿದೆ, ಅಮ್ಮನ ಮಂಚದ ಪಕ್ಕದಲ್ಲೇ ಕುಳಿತು. ಲಕೋಟೆಯಲ್ಲಿ ಒಂದೇ ನೋಟು ಇಟ್ಟಿದ್ದೇನೆ.