ಉಪ್ಪಾಗೆ ಬೀಜಕ್ಕೆ ಯಾವ ಕಾನು ಆರಿಸಬೇಕು?

ಹಕ್ಕಲುಮನೆ:
ಸಿದ್ದಾಪುರ ಕಡೆ ಘಟ್ಟದ ಇಳಿಜಾರಿನ ಕಾನಿನಲ್ಲಿ (ದಟ್ಟ ಕಾಡಿನಲ್ಲಿ) ಉಪ್ಪಾಗೆ, ಅಂದರೆ ಹುಳಿ ಹಣ್ಣಿನ ಕಾಡುಮರ, ಇರುವ ಮೂರು ಜಾಗ ನೋಡಿಟ್ಟಿದ್ದೇವೆ. ಒಂದರಲ್ಲಿ ಭಾರೀ ಮರಗಳು, ಇನ್ನೊಂದರಲ್ಲಿ ಸಣ್ಣವು ಆದರೆ ಬಹಳ, ಮೂರನೆಯದು ರಸ್ತೆಗೆ ತಾಗಿಯೇ ಇದೆ. ಗ್ರಾಮ ಅರಣ್ಯ ಸಮಿತಿಯ ನರ್ಸರಿಗೆ ಬೀಜ ಬೇಕು, ಇಲಾಖೆಯ ಒಪ್ಪಿಗೆ ಸಿಕ್ಕಿದೆ. ಏನು ನೋಡಿ ಆರಿಸೋದು?

ಕಾನುದಾರಿ:
ಗಾತ್ರ ನೋಡಿ ಮೋಸ ಹೋಗಬೇಡಿ. ಉಪ್ಪಾಗೆಯಲ್ಲಿ ಹೆಚ್ಚಾಗಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಭಾರೀ ಮರಗಳಲ್ಲಿ ಅರ್ಧ ಗಂಡೇ ಆಗಿದ್ದರೆ ಬೀಜ ಎಲ್ಲಿಂದ ಬರಬೇಕು? ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಹೂವಿದ್ದಾಗ ಒಮ್ಮೆ ತಿರುಗಿ. ಗಂಡು ಹೂ ಎಲೆಯ ಕಂಕುಳಲ್ಲಿ ಗೊಂಚಲಾಗಿರುತ್ತದೆ, ನಡುವೆ ಕೇಸರಗಳ ಮುದ್ದೆ. ಹೆಣ್ಣು ಹೂವಿನ ನಡುವೆ ಹಸಿರು ಗುಂಡುಕಾಯಿ ಆಗಲೇ ಕಾಣುತ್ತದೆ. ಎರಡಕ್ಕೂ ಬೇರೆ ಬಣ್ಣದ ಗುರುತು ಹಾಕಿ. ಗಂಡು ಮರ ದಂಡ ಅಂತ ಕಡಿದರೆ ಮುಂದೆ ಹೆಣ್ಣಿಗೂ ಕಾಯಿ ಕಚ್ಚೋದಿಲ್ಲ.

ಮತ್ತೆ ಜೂನ್–ಜುಲೈನಲ್ಲಿ ಹೋಗಿ, ಹತ್ತಾರು ಮರದ ತಲಾ ಐದು ಹಣ್ಣು ಸೀಳಿ. ಸಿಪ್ಪೆ ದಪ್ಪ ಇದೆಯೇ, ಬೀಜ ತುಂಬಿದೆಯೇ, ಜೊಳ್ಳೇ ನೋಡಿ. ಕಾಯಿ ಬಿಡುವ ಮರ 25–30 ಇಲ್ಲದಿದ್ದರೆ ಆ ಜಾಗ ಬಿಡಿ; ಎರಡು-ಮೂರೇ ಮರದ ಬೀಜ ಎಂದರೆ ಸಸಿಗಳೆಲ್ಲ ಅಣ್ಣತಮ್ಮಂದಿರು.

ಸೊಪ್ಪಿನಬೆಟ್ಟ:
ಮೇಲೆ ನೋಡಿದಷ್ಟೇ ಕೆಳಗೂ ನೋಡಿ. 10×10 ಮೀಟರ್ ಚೌಕ ಐದಾರು ಕಡೆ ಹಾಕಿ, ಈ ವರ್ಷದ ಸಸಿ, ಮೊಣಕಾಲೆತ್ತರದ್ದು, ಆಳೆತ್ತರದ್ದು ಬೇರೆ ಬೇರೆ ಎಣಿಸಿ. ಸಸಿ ಧಾರಾಳ ಇದ್ದು ಆಳೆತ್ತರದ್ದು ಒಂದೂ ಇಲ್ಲ ಎಂದರೆ ದನವೋ ಬೆಂಕಿಯೋ ಸೊಪ್ಪು ಕಡಿತವೋ ತಿಂದಿದೆ. ಸಸಿಯೇ ಇಲ್ಲದಿದ್ದರೆ ಕಾಯಿ ಹಣ್ಣಾಗುವ ಮೊದಲೇ ಕೊಯ್ಲು. ರಸ್ತೆ ಪಕ್ಕದ ಜಾಗದಲ್ಲಿ ಸಾಮಾನ್ಯವಾಗಿ ಇದೇ ಕತೆ: ಬೇರೆಯವರು ಕೊಯ್ದಾರು ಅಂತ ಹಸಿರಿದ್ದಾಗಲೇ ಕೊಂಬೆಸಮೇತ ಇಳಿಸುತ್ತಾರೆ. ಕೊಂಬೆ ಮುರಿದ ಕಲೆ ಹುಡುಕಿ, ಸಿಕ್ಕೇ ಸಿಗುತ್ತದೆ.

ಹಕ್ಕಲುಮನೆ:
ಉಪ್ಪಾಗೆಯ ಹತ್ತಿರದ ಬಳಗದ ಮರಗಳಾದ ಮುರುಗಲು (ಕೋಕಂ), ಅರಿಶಿನಗುರಗಿ ಕೂಡ ಅಲ್ಲೇ ಬೆರೆತಿವೆ. ಹಣ್ಣಿಲ್ಲದಾಗ ಗೊಂದಲ.

ಕಾನುದಾರಿ:
ಹಾಗಿದ್ದರೆ ಹಣ್ಣಿನ ಕಾಲದಲ್ಲೇ ಖಚಿತಪಡಿಸಿ. ಉಪ್ಪಾಗೆ ಹಳದಿ, ಪುಟ್ಟ ಕುಂಬಳದ ಹಾಗೆ ಆರೆಂಟು ಏಣು. ಮುರುಗಲು ಕೆಂಪು, ನಯ, ಮಳೆಗೆ ಮೊದಲೇ ಹಣ್ಣು. ಅರಿಶಿನಗುರಗಿ ಗುಂಡಗೆ, ಚಿಕ್ಕದು, ಏಣಿಲ್ಲ.

ಬ್ಯಾಣದಂಚು:
ಹಣ್ಣು ಪೂರ್ತಿ ಬಳಿಯಬೇಡಿ, ಸಿಂಗಳೀಕಗಳಿಗೂ ಅದೇ ಆಹಾರ. ಮೂರನೇ ಒಂದು ಪಾಲಾದರೂ ಮರದಲ್ಲಿರಲಿ. ಬೀಜ ಬಿಸಿಲಿಗೆ ಹಾಕಿದರೆ ಸತ್ತಂತೆಯೇ. ಬೀಜಕ್ಕೆ ಅಂಟಿದ ಹಣ್ಣಿನ ತಿರುಳು ತೊಳೆದು ನೆರಳಲ್ಲಿ ನೀರು ಆರಿಸಿ, ವಾರದೊಳಗೆ ಬಿತ್ತಿ. ಬೀಜದ ಸಿಪ್ಪೆ ಹಾಗೇ ಬಿಟ್ಟರೆ ಮೊಳಕೆಗೆ 5–6 ತಿಂಗಳು ಕಾಯಬೇಕು. ಬೀಜದೊಳಗಿನ ಬೇಳೆಗೆ ಉಗುರು ತಾಗದಂತೆ ಸಿಪ್ಪೆ ಬಿಡಿಸಿದರೆ ಬಹಳ ಬೇಗ ಬರುತ್ತದೆ. ಮರದ ನಂಬರು ಚೀಲದ ಮೇಲೂ ಬರೆಯಿರಿ, ಒಳಗೂ ಒಂದು ಚೀಟಿ ಹಾಕಿ. ಆ ಮಳೆಗೆ ಹೊರಗಿನ ಬರಹ ನಿಲ್ಲೋದಿಲ್ಲ.